ಗಾಡಿ ಎಲ್ಲಿ ನಿಲ್ಲಿಸಲಿ? ಕಲಬುರಗಿಯ ಓಣಿ, ಬಜಾರಿಗೆ ಕಾರ್ ತರುವವರಿಗೆ

ಕಾರ್ ನಿಲ್ಲಿಸುವುದು ದೊಡ್ಡ ಮಾತಲ್ಲ, ನಿಲ್ಲಿಸಿದ ಕಾರನ್ನು ಹೊರಗೆ ತೆಗೆಯುವುದೇ ಕಷ್ಟ. ಸಂಜೆ ಆರರ ಮೇಲೆ ಇಲ್ಲಿನ ಸೂಪರ್ ಮಾರ್ಕೆಟ್ ಅನ್ನುವ ಬಜಾರಿನ ಕಡೆ ಹೋದವರಿಗೆ ಇದು ಚೆನ್ನಾಗಿ ಗೊತ್ತು. ಜಾಗ ಸಿಕ್ಕಿತಲ್ಲ ಅಂತ ಮೂತಿ ತೂರಿಸಿ ಇಳಿದು ಹೋಗುತ್ತಾರೆ. ವಾಪಸ್ ಬರುವಷ್ಟರಲ್ಲಿ ಹಿಂದೆ ಬೈಕ್‌ಗಳ ಸಾಲು, ಪಕ್ಕದಲ್ಲಿ ಬಾಳೆಹಣ್ಣಿನ ಬಂಡಿ, ಮುಂದೆ ಗೋಡೆ. ಆಮೇಲೆ ಹಾರ್ನ್ ಹೊಡೆಯುತ್ತಾ ಕೂರುವುದು. ಹಾರ್ನ್ ಹೊಡೆದರೆ ಬೈಕ್ ಸರಿಯುತ್ತದಾ? ಅದರ ಮಾಲೀಕ ಅಂಗಡಿಯೊಳಗೆ ಸೀರೆಗಳ ಮಡಿಕೆ ಬಿಚ್ಚಿಸಿ ನೋಡುತ್ತಿರುತ್ತಾನೆ.

ನಾನು ಖಡಕ್ ರೊಟ್ಟಿ ಮಾಡಿಸಿ ಅಂಗಡಿಗಳಿಗೆ ಹಾಕುವವಳು. ಜೋಳದ್ದು, ಸಜ್ಜೆಯದ್ದು, ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ. ಮನೆ ಬ್ರಹ್ಮಪುರದ ಒಂದು ಓಣಿಯಲ್ಲಿ. ಮನೆಗೆ ಗೇಟ್ ಇದೆ, ಆದರೆ ಗೇಟಿನ ಒಳಗೆ ಕಾರಿಗೆ ಜಾಗವಿಲ್ಲ, ಅಲ್ಲಿ ಒಲೆಗಳಿವೆ. ಹಾಗಾಗಿ ರಾತ್ರಿ ಓಣಿಯಲ್ಲಿ, ಹಗಲು ಬಜಾರಿನಲ್ಲಿ, ನನ್ನ ಗಾಡಿ ಯಾವಾಗಲೂ ಯಾರದೋ ಒಬ್ಬರ ಬಾಗಿಲ ಹತ್ತಿರವೇ ನಿಂತಿರುತ್ತದೆ. ಖಡಕ್ ರೊಟ್ಟಿ ಬೇರೆ. ಸ್ವಲ್ಪ ಕುಲುಕಿದರೂ ಮುರಿಯುತ್ತದೆ, ಮುರಿದದ್ದನ್ನು ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಡಬ್ಬ ಹೊತ್ತುಕೊಂಡು ಜನರ ನಡುವೆ ದೂರ ನಡೆಯಲು ಆಗುವುದಿಲ್ಲ, ಅಂಗಡಿ ಬಾಗಿಲಿಗೇ ಕಾರ್ ತಂದು ಅಡ್ಡ ಹಾಕಲೂ ಆಗುವುದಿಲ್ಲ. ಈ ಎರಡರ ನಡುವೆ ಕಲಿತದ್ದನ್ನು ಬರೆಯುತ್ತಿದ್ದೇನೆ. ದೊಡ್ಡ ಊರಿನ ಪಾರ್ಕಿಂಗ್ ಟವರ್, ಆ್ಯಪ್ ಇವೆಲ್ಲ ಇದರಲ್ಲಿ ಇಲ್ಲ.

ಮೊದಲು ಹೊರಗೆ ಬರುವ ದಾರಿ ನೋಡಿ

ಜಾಗ ಕಂಡ ಕೂಡಲೇ ಸ್ಟೀರಿಂಗ್ ತಿರುಗಿಸಬೇಡಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಅರ್ಧ ಗಂಟೆ ಬಿಟ್ಟು ಬಂದಾಗ ನನ್ನ ಮುಂದೆ ಏನಿರುತ್ತದೆ? ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿದ ಶಟರ್ ಕಂಡರೆ ಅದು ಖಾಲಿ ಜಾಗ ಅಂದುಕೊಳ್ಳಬೇಡಿ, ಹತ್ತೂವರೆಗೆ ತೆರೆಯುವ ಅಂಗಡಿ ಅದು. ಗೋಡೆ ಪಕ್ಕ ಇಟ್ಟಿಗೆ ಕೊಟ್ಟು ನಿಲ್ಲಿಸಿದ ಖಾಲಿ ಬಂಡಿ ಕಂಡರೆ, ಸಂಜೆ ಆ ಬಂಡಿಯ ಯಜಮಾನ ಬರುತ್ತಾನೆ. ನೆಲದ ಮೇಲೆ ಮಿರ್ಚಿ ಭಜಿ ಎಣ್ಣೆಯ ಕಪ್ಪು ಕಲೆ ಇದ್ದರೆ ಆ ಜಾಗ ನಾಲ್ಕು ಗಂಟೆಯ ಮೇಲೆ ನಿಮ್ಮದಲ್ಲ. ಇಂಥ ಗುರುತುಗಳನ್ನು ಓದಲು ಬಂದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಎರಡನೆಯದು, ಹೋಗುವ ದಿಕ್ಕು. ನನ್ನ ಕೊನೆಯ ಅಂಗಡಿ ಎಲ್ಲಿದೆ, ಅಲ್ಲಿಂದ ಮನೆಗೆ ಯಾವ ಕಡೆ ತಿರುಗಬೇಕು ಅಂತ ಹೊರಡುವ ಮುಂಚೆಯೇ ಲೆಕ್ಕ ಹಾಕುತ್ತೇನೆ. ನಮ್ಮಲ್ಲಿ ಎಡಗಡೆ ಓಡಿಸುತ್ತೇವೆ. ಎಡಕ್ಕೆ ನಿಲ್ಲಿಸಿದರೆ ಎಡಕ್ಕೇ ಹೊರಡುತ್ತೇವೆ. ಹಾಗಿರುವಾಗ ಸ್ಟೇಷನ್ ರೋಡಿನಂಥ ಗಿಜಿಗುಡುವ ರಸ್ತೆಯಲ್ಲಿ ಆ ಕಡೆ ಜಾಗ ಕಂಡಿತು ಅಂತ ಯೂ-ಟರ್ನ್ ಹೊಡೆಯುವುದು ಯಾಕೆ? ಒಂದು ಸುತ್ತು ಹಾಕಿ ಬಂದರೆ ಹೆಚ್ಚೆಂದರೆ ಐದು ನಿಮಿಷ. ಸುತ್ತು ಹಾಕುವಾಗ ಇನ್ನೊಂದು ಜಾಗ ಖಾಲಿಯಾಗುವುದೂ ಉಂಟು.

ಮೂರನೆಯದನ್ನು ಜನ ಒಪ್ಪುವುದೇ ಇಲ್ಲ. ಸ್ವಲ್ಪ ದೂರ ನಿಲ್ಲಿಸಿ ನಡೆಯಿರಿ. ಕಪಡಾ ಬಜಾರ್, ಕಿರಾಣಾ ಬಜಾರ್ ಒಳಗೆ ಕಾರ್ ತರುವುದರಿಂದ ಏನೂ ಸಿಗುವುದಿಲ್ಲ. ಈ ಊರು 1347ರಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾದದ್ದು. ಹಳೇ ಭಾಗದ ಸಂದಿಗಳು ಕಾರಿನ ಅಳತೆಗೆ ಆದವಲ್ಲ. ಮೊದಲ ಅಡ್ಡರಸ್ತೆಯ ಹೊರಗೆ ನಿಲ್ಲಿಸಿ, ಐದು ನಿಮಿಷ ನಡೆದು ಹೋದರೆ ಕೆಲಸ ಮುಗಿಸಿ ಬರಬಹುದು. ಒಳಗೆ ನುಗ್ಗಿದರೆ ಎದುರಿಂದ ಒಂದು ಆಟೋ ಬಂದರೆ ಸಾಕು, ನೀವೋ ಅವನೋ ಹಿಂದಕ್ಕೆ ಹೋಗಬೇಕು. ಅವನಂತೂ ಹೋಗುವುದಿಲ್ಲ.

ನನಗೆ ಮಾತ್ರ ಡಬ್ಬಗಳಿವೆಯಲ್ಲ? ಅದಕ್ಕೆ ಬೆಳಿಗ್ಗೆ ಎಂಟೂವರೆಯಿಂದ ಹತ್ತರೊಳಗೆ ಮುಗಿಸುತ್ತೇನೆ. ಆ ಹೊತ್ತಿಗೆ ಅಂಗಡಿಯವರು ಕಸ ಗುಡಿಸಿ, ನೀರು ಚಿಮುಕಿಸಿ, ಊದಿನಕಡ್ಡಿ ಹಚ್ಚುತ್ತಿರುತ್ತಾರೆ. ಗಿರಾಕಿ ಇರುವುದಿಲ್ಲ, ಮಾತಿಗೂ ಸಿಗುತ್ತಾರೆ. ಸಾಮಾನು ಇಳಿಸುವ ಕೆಲಸ ಇದ್ದವರೆಲ್ಲ ಈ ಹೊತ್ತನ್ನೇ ಹಿಡಿಯಿರಿ. ಕಾಳುಕಡಿ ಮಾರುವ ನೆಹರು ಗಂಜಿನ ಕಡೆಗಾದರೆ ಲೆಕ್ಕ ಬೇರೆ. ಡಿಸೆಂಬರಿನಿಂದ ತೊಗರಿ ಬರಲು ಶುರುವಾದರೆ ಲಾರಿ, ಟ್ರ್ಯಾಕ್ಟರ್ ಬೆಳಿಗ್ಗೆಯೇ ಸಾಲುಗಟ್ಟುತ್ತವೆ. ಆ ತಿಂಗಳುಗಳಲ್ಲಿ ಅಲ್ಲಿಗೆ ಕಾರ್ ಒಯ್ಯುವುದೇ ಬೇಡ, ಆಟೋದಲ್ಲಿ ಹೋಗಿ.

ಗಾಡಿಯ ಅಳತೆ ಬಾಯಿಪಾಠ ಇರಲಿ

ನನ್ನದು ವ್ಯಾಗನ್‌ಆರ್, 2019ರಲ್ಲಿ ಬಂದ ಅಗಲದ ಮಾದರಿ. ಉದ್ದ 3.65 ಮೀಟರ್ ಚಿಲ್ಲರೆ, ಅಗಲ 1.62 ಮೀಟರ್, ಅದೂ ಕನ್ನಡಿ ಬಿಟ್ಟು. ಸ್ವಿಫ್ಟ್ ಆದರೆ ಅಗಲ 1.73ರ ಮೇಲೆ. ಇನ್ನೋವಾ ಕ್ರಿಸ್ಟಾ 1.83, ಉದ್ದ 4.73. ನಿಮ್ಮ ಗಾಡಿಯದ್ದು ಅದರ ಪುಸ್ತಕದಲ್ಲಿ ಇರುತ್ತದೆ, ಒಮ್ಮೆ ನೋಡಿ ನೆನಪಿಟ್ಟುಕೊಳ್ಳಿ.

ಇದರಿಂದ ಏನು ಲಾಭ? ಒಂದು ಹತ್ತಡಿ ಓಣಿ ಇದೆ ಅಂದುಕೊಳ್ಳಿ. ಅಂದರೆ ಮೂರು ಮೀಟರಿಗಿಂತ ಒಂದಿಷ್ಟೇ ಜಾಸ್ತಿ. ನನ್ನ ಕಾರ್ ಗೋಡೆಗೆ ಅಂಟಿಕೊಂಡೇ ನಿಂತಿತು ಅಂತಲೇ ಇಟ್ಟುಕೊಳ್ಳೋಣ. ಉಳಿಯುವುದು 1.42 ಮೀಟರ್. ಬಜಾಜ್ ಆಟೋದ ಅಗಲ 1.3 ಮೀಟರ್. ಮಿಕ್ಕದ್ದು ಐದು ಇಂಚು. ಗೋಡೆಗೆ ಅಂಟಿಸಿ ಯಾರೂ ನಿಲ್ಲಿಸಲಾರರು, ಆ ಐದು ಇಂಚು ಗೋಡೆ ಕಡೆಯೇ ಹೋಗುತ್ತದೆ. ಅಂದರೆ ಹತ್ತಡಿ ಓಣಿಯಲ್ಲಿ ಕಾರ್ ನಿಲ್ಲಿಸಿದರೆ ಓಣಿ ಬಂದ್ ಆಯಿತು ಅಂತಲೇ ಅರ್ಥ. ಹನ್ನೆರಡು ಅಡಿ ಇದ್ದರೆ ಆಟೋ ಆರಾಮಾಗಿ, ಸಣ್ಣ ಟೆಂಪೊ ಕಷ್ಟಪಟ್ಟು ಹೋಗುತ್ತದೆ. ಆದರೆ 108 ಆಂಬುಲೆನ್ಸ್? ಅದರ ಅಗಲವೇ ಹತ್ತಿರ ಹತ್ತಿರ ಎರಡು ಮೀಟರ್. ಓಣಿಯಲ್ಲಿ ಬಸುರಿ ಹೆಂಗಸರಿದ್ದಾರೆ, ವಯಸ್ಸಾದವರಿದ್ದಾರೆ. ಈ ಲೆಕ್ಕ ಅವರಿಗಾಗಿ ಹಾಕಬೇಕು, ಆಟೋಗಾಗಿ ಅಲ್ಲ.

ಟೇಪ್ ಹಿಡಿದು ಓಡಾಡಬೇಕಿಲ್ಲ. ನಿಮ್ಮ ಒಂದು ಹೆಜ್ಜೆ ಎಷ್ಟು ಅಂತ ಮನೆಯಲ್ಲಿ ಒಮ್ಮೆ ಅಳೆಯಿರಿ. ಎರಡು ಗಾಡಿಗಳ ನಡುವೆ ಸೇರಿಸಬೇಕಾದರೆ ನಿಮ್ಮ ಕಾರಿನ ಉದ್ದಕ್ಕಿಂತ ಒಂದು ಮೀಟರಿಗೂ ತುಸು ಹೆಚ್ಚು ಜಾಗ ಬೇಕು. ನನಗೆ ಅದು ಏಳು ಹೆಜ್ಜೆ. ಆರು ಹೆಜ್ಜೆ ಆದರೆ ಮುಂದೆ ಹೋಗಿಬಿಡುತ್ತೇನೆ. ಸೇರಿಸಲು ಆಗುವುದಿಲ್ಲ ಅಂತಲ್ಲ, ಆಗುತ್ತದೆ. ಆದರೆ ಅಷ್ಟು ಬಿಗಿಯಾಗಿ ಸೇರಿಸಿದ ಮೇಲೆ ಮುಂದಿನವನು ಎರಡಡಿ ಹಿಂದಕ್ಕೆ ಬಂದು ನಿಂತರೆ ನಾನು ಅಲ್ಲೇ ಖೈದಿ.

ಪರಸಿ ಮೇಲೆ ಚಕ್ರ ಏರಿಸಬೇಡಿ

ಇದನ್ನು ಬೇರೆ ಊರಿನ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವುದಿಲ್ಲ. ನಮ್ಮಲ್ಲಿ ಮನೆ ನೆಲಕ್ಕೂ ಶಹಾಬಾದ್ ಪರಸಿ, ಅಂದರೆ ಹಾಸುಗಲ್ಲು, ಕಟ್ಟೆಗೂ ಪರಸಿ, ಗಟಾರದ ಮೇಲೂ ಪರಸಿ. ರಸ್ತೆ ಅಂಚಿನಲ್ಲಿ ಅಂಗಡಿಗಳ ಮುಂದೆ ಸಪಾಟಾಗಿ, ಚೊಕ್ಕವಾಗಿ ಹಾಸಿದ ಕಲ್ಲು ಕಂಡರೆ ಹೊಸಬರು ಫುಟ್‌ಪಾತ್ ಅಂದುಕೊಂಡು ಎಡಗಡೆಯ ಎರಡು ಚಕ್ರ ಅದರ ಮೇಲೆ ಏರಿಸುತ್ತಾರೆ. ರಸ್ತೆಗೂ ಜಾಗ ಬಿಟ್ಟ ಹಾಗಾಯಿತು ಅಂತ ಖುಷಿ. ಅದರ ಕೆಳಗೆ ಟೊಳ್ಳು.

ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಪದರ ಪದರವಾಗಿ ಏಳುತ್ತದೆ. ಅದಕ್ಕೇ ತೆಳ್ಳಗೆ, ಅಗಲವಾಗಿ ಸಿಗುವುದು. ನೆಲದ ಮೇಲೆ ಪೂರ್ತಿ ಒರಗಿ ಕೂತಿದ್ದರೆ ಎಷ್ಟು ಭಾರವಾದರೂ ಹೊರುತ್ತದೆ. ಎರಡು ಅಂಚಿನ ಮೇಲೆ ಮಾತ್ರ ನಿಂತು ನಡುವೆ ಆಸರೆ ಇಲ್ಲದಿದ್ದರೆ, ಮೇಲಿಂದ ಒತ್ತಿದಾಗ ಬಾಗಲಾರದೆ ಟಪ್ ಅಂತ ಸೀಳುತ್ತದೆ. ನನ್ನ ಗಾಡಿಯಂಥ ಸಣ್ಣ ಕಾರಿನಲ್ಲೂ ಒಂದೊಂದು ಚಕ್ರದ ಮೇಲೆ ಇನ್ನೂರು ಕಿಲೋಗೂ ಜಾಸ್ತಿ ಭಾರ ಇರುತ್ತದೆ. ಜನ ನಡೆದಾಡಲಿ ಅಂತ ಹಾಸಿದ ಕಲ್ಲು ಅದನ್ನು ತಡೆಯುವುದು ಅದೃಷ್ಟವಿದ್ದರೆ ಮಾತ್ರ. ಚಕ್ರ ಒಳಗೆ ಇಳಿದರೆ ಗಾಡಿ ಹೊಟ್ಟೆಯ ಮೇಲೆ ಕೂರುತ್ತದೆ. ನಾಲ್ಕು ಜನ ಎತ್ತಬೇಕು. ಕಲ್ಲಿನ ದುಡ್ಡು ಅಂಗಡಿಯವನು ಕೇಳುತ್ತಾನೆ, ಕೊಡಲೇಬೇಕು. ಗಟಾರದ ವಾಸನೆ ಟೈರಿನಲ್ಲಿ ಒಂದು ವಾರ ಇರುತ್ತದೆ.

ಗುರುತಿಸುವುದು ಹೀಗೆ. ಇಳಿದು ಹಿಮ್ಮಡಿಯಿಂದ ಕಲ್ಲಿಗೆ ಒದ್ದು ನೋಡಿ. ಒಳಗೆ ಮಣ್ಣಿದ್ದರೆ ಸದ್ದು ಸತ್ತ ಹಾಗೆ ಬರುತ್ತದೆ, ಟೊಳ್ಳಿದ್ದರೆ ಗುಂಯ್ ಅನ್ನುತ್ತದೆ. ಮೂಲೆಯಲ್ಲಿ ಕಾಲಿಟ್ಟು ತೂಗಿ ನೋಡಿ. ಗಡಗಡ ಅಲ್ಲಾಡಿದರೆ ದೂರ ಇರಿ. ಎರಡು ಕಲ್ಲುಗಳ ನಡುವಿನ ಸಂದಿಯಲ್ಲಿ ಒದ್ದೆ ಇದೆಯಾ, ಸಣ್ಣ ಕೂದಲಿನಂಥ ಬಿರುಕು ಇದೆಯಾ ನೋಡಿ. ಒಂದು ಕಲ್ಲಿನ ಬಣ್ಣ ಮಾತ್ರ ಹೊಸದಾಗಿದ್ದರೆ, ಹಳೆಯದನ್ನು ನಿಮಗಿಂತ ಮುಂಚೆ ಬಂದವರು ಯಾರೋ ಮುರಿದಿದ್ದಾರೆ. ಸಿಮೆಂಟಿನ ದಪ್ಪ ಹಲಗೆ, ಅದರಲ್ಲಿ ಎತ್ತಲು ಕಬ್ಬಿಣದ ಕೊಂಡಿ ಇದ್ದರೆ ಅದು ಸ್ವಲ್ಪ ಗಟ್ಟಿ. ಅಷ್ಟಾದರೂ ಅದನ್ನು ದಾಟಿ ಹೋಗಬಹುದೇ ಹೊರತು ಅದರ ಮೇಲೆ ತಾಸುಗಟ್ಟಲೆ ನಿಲ್ಲಿಸಬಾರದು. ಪರಸಿಯ ಅಂಚಿನಿಂದ ಒಂದಡಿ ಈಚೆಗೆ ಚಕ್ರ ಇದ್ದರೆ ರಾತ್ರಿ ನಿದ್ದೆ ಬರುತ್ತದೆ.

ಇನ್ನು ಅದು ನಿಜವಾದ ಫುಟ್‌ಪಾತೇ ಆಗಿದ್ದರೂ ಏರಿಸುವ ಹಾಗಿಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲಿ ಫುಟ್‌ಪಾತ್, ಜೀಬ್ರಾ ಪಟ್ಟೆ, ಬಸ್ ಸ್ಟಾಪ್, ಇನ್ನೊಬ್ಬರ ಗೇಟ್ ಮುಂದೆ ನಿಲ್ಲಿಸಬಾರದು ಅಂತ ಇದೆ. ಓಡಾಟಕ್ಕೆ ಅಡ್ಡವಾಗಿ ಬಿಟ್ಟುಹೋದ ಗಾಡಿಯನ್ನು ಎಳೆದೊಯ್ಯಲು 1988ರ ಕಾಯ್ದೆಯ 127ನೇ ಕಲಂ ಪೊಲೀಸರಿಗೆ ಅಧಿಕಾರ ಕೊಡುತ್ತದೆ, ಎಳೆದ ಖರ್ಚೂ ನಮ್ಮದೇ. ‘ಎಲ್ಲರೂ ನಿಲ್ಲಿಸಿದ್ದಾರಲ್ಲಾ ಸರ್’ ಅನ್ನುವುದು ವಾದವಲ್ಲ.

ಹಿಂದಕ್ಕೆ ಹೋಗಲು ಹೆದರಬೇಡಿ

ನಮ್ಮವರು ಮುಂದೆ ನುಗ್ಗುವುದರಲ್ಲಿ ಶೂರರು, ರಿವರ್ಸ್ ಅಂದರೆ ಬೆವರುತ್ತಾರೆ. ಆದರೆ ಇಕ್ಕಟ್ಟಿನ ಜಾಗದಲ್ಲಿ ರಿವರ್ಸೇ ಸುಲಭ. ತಿರುಗುವುದು ಮುಂದಿನ ಚಕ್ರ ಮಾತ್ರ, ಹಿಂದಿನ ಚಕ್ರ ಸುಮ್ನೆ ಎಳೆದುಕೊಂಡು ಬರುತ್ತದೆ. ಮೂತಿ ಮುಂದಿಟ್ಟು ಸಂದಿಗೆ ತಿರುಗಿದರೆ ಹಿಂದಿನ ಚಕ್ರ ಒಳಗಡೆಗೆ ಕತ್ತರಿಸುತ್ತದೆ, ಹಿಂದಿನ ಬಾಗಿಲು ಗೇಟಿನ ಕಂಬಕ್ಕೆ ಉಜ್ಜುತ್ತದೆ. ಹಿಂಭಾಗವನ್ನು ಮೊದಲು ಒಳಗೆ ಬಿಟ್ಟರೆ, ಮೂತಿಯನ್ನು ಎತ್ತ ಬೇಕಾದರೂ ತಿರುಗಿಸಿ ಸರಿ ಮಾಡಬಹುದು. ಹೊರಡುವಾಗ ಎದುರು ರಸ್ತೆ ಕಾಣುತ್ತದೆ. ಓಡಾಡುವ ಮಕ್ಕಳು ಕಾಣುತ್ತಾರೆ.

ಎರಡು ಗಾಡಿಗಳ ನಡುವೆ ಎಡಗಡೆ ಸೇರಿಸುವ ಬಗೆ ಇದು. ಮುಂದಿನ ಗಾಡಿಯ ಪಕ್ಕಕ್ಕೆ ಹೋಗಿ, ನಡುವೆ ಎರಡಡಿ ಬಿಟ್ಟು, ನಿಮ್ಮ ಹಿಂದಿನ ಬಂಪರ್ ಅದರ ಹಿಂದಿನ ಬಂಪರಿಗೆ ಸರಿಯಾಗಿ ಬರುವಂತೆ ನಿಲ್ಲಿಸಿ. ಎಡ ಇಂಡಿಕೇಟರ್ ಹಾಕಿ. ಹಿಂದಿನವನು ನೋಡಿದನಾ ಅಂತ ಖಾತ್ರಿ ಮಾಡಿಕೊಳ್ಳಿ. ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ, ಕ್ಲಚ್ ಮೇಲೆಯೇ ಮೆಲ್ಲಗೆ ಹಿಂದಕ್ಕೆ ಬಿಡಿ. ಈಗ ಕಣ್ಣು ಬಲಗಡೆಯ ಕನ್ನಡಿಯಲ್ಲಿರಲಿ. ಹಿಂದೆ ನಿಂತ ಗಾಡಿಯ ಎರಡೂ ಹೆಡ್‌ಲೈಟ್ ಅದರಲ್ಲಿ ಕಂಡ ಕೂಡಲೇ ಸ್ಟೀರಿಂಗ್ ನೇರ ಮಾಡಿ. ಹಾಗೇ ಹಿಂದಕ್ಕೆ ಬನ್ನಿ. ನಿಮ್ಮ ಎಡ ಮೂತಿ ಮುಂದಿನ ಗಾಡಿಯ ಬಲ ಮೂಲೆಯನ್ನು ದಾಟಿತು ಅನ್ನುವಾಗ ಸ್ಟೀರಿಂಗ್ ಪೂರ್ತಿ ಬಲಕ್ಕೆ. ಮೂತಿ ತಾನಾಗಿ ಒಳಗೆ ಬರುತ್ತದೆ. ಓಡುವ ವೇಗದಲ್ಲಿ ಮಾಡಿದರೆ ಕೈ ತಪ್ಪುತ್ತದೆ, ಬಸವನಹುಳುವಿನ ವೇಗದಲ್ಲಿ ಮಾಡಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ.

ಅಷ್ಟು ಹೊತ್ತಿಗೆ ಯಾರೋ ಒಬ್ಬರು ಬಂದೇ ಬರುತ್ತಾರೆ. ಪಾನ್ ಡಬ್ಬಿಯವರೋ, ಚಹಾ ಕುಡಿಯುತ್ತಾ ನಿಂತವರೋ. ಹೆಂಗಸು ರಿವರ್ಸ್ ತೆಗೆಯುತ್ತಿದ್ದಾಳೆ ಅಂದರೆ ಇಬ್ಬರು ಜಾಸ್ತಿ. ‘ಆನೇ ದೋ, ಆನೇ ದೋ… ಬರ್ಲಿ ಅಕ್ಕಾ, ಬರ್ಲಿ… ಬಸ್ ಬಸ್!’ ಕಾರಿನ ಹಿಂಭಾಗಕ್ಕೆ ಕೈಯಿಂದ ಒಂದು ಪೆಟ್ಟು. ಒಳ್ಳೆಯ ಮನಸ್ಸಿನವರು, ಬೈಯುವ ಮಾತೇ ಇಲ್ಲ. ಆದರೆ ಅವರು ನೋಡುವುದು ಹಿಂದಿನ ಬಂಪರ್ ಒಂದನ್ನೇ. ನಿಮ್ಮ ಮೂತಿ ಬಲಕ್ಕೆ ಬೀಸಿ ಹೋಗುತ್ತಿರುವುದು ಅವರಿಗೆ ಕಾಣುವುದಿಲ್ಲ, ಅಲ್ಲಿ ಒಂದು ಸ್ಕೂಟಿ ಬರುತ್ತಿರುತ್ತದೆ. ಅವರು ‘ಬಸ್’ ಅಂದಾಗ ನಿಲ್ಲಿ. ‘ಬರ್ಲಿ’ ಅಂದಾಗ ಮಾತ್ರ ನಿಮ್ಮ ಕಣ್ಣನ್ನೇ ನಂಬಿ. ಇಬ್ಬರು ಎರಡು ಥರ ಹೇಳಿದರೆ ಬ್ರೇಕ್ ಒತ್ತಿ ಕೆಳಗಿಳಿದು ನೋಡಿ. ಇಳಿದು ನೋಡುವುದರಲ್ಲಿ ನಾಚಿಕೆ ಏನಿದೆ?

ಕ್ಯಾಮೆರಾ ಇದ್ದರೆ ಒಳ್ಳೆಯದೇ. ನಮ್ಮ ಊರಿನ ಧೂಳಿಗೆ ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಅದರ ಕಣ್ಣು ಒರೆಸಬೇಕು, ಇಲ್ಲದಿದ್ದರೆ ಕಾಣುವುದು ಮಂಜು. ಅದಕ್ಕೂ ಮೂತಿ ಬೀಸುವುದು ಕಾಣುವುದಿಲ್ಲ.

ಅಂಗಡಿ ಮುಂದೆ ನಿಲ್ಲಿಸುವಾಗ

ಕೇಳಿ ನಿಲ್ಲಿಸಿ. ಇಷ್ಟೇ. ‘ಅಣ್ಣಾ, ಹತ್ತು ನಿಮಿಷ ನಿಲ್ಲಿಸಲಾ?’ ಅಂದರೆ ಬಹಳ ಮಂದಿ ಬೇಡ ಅನ್ನುವುದಿಲ್ಲ. ಕೇಳದೆ ನಿಲ್ಲಿಸಿದರೆ ಅದೇ ಮನುಷ್ಯ ನಿಮ್ಮ ಚಕ್ರದ ಗಾಳಿ ಬಿಡುತ್ತಾನೆ. ಹತ್ತು ಅಂದರೆ ಹತ್ತೇ ಇರಲಿ. ಪಾರ್ಕಿಂಗ್ ಅಂತ ಬೋರ್ಡ್ ಇರುವ ಕಡೆ, ಪಾರ್ಕಿಂಗ್ ಗೆರೆ ಹಾಕಿದ ಕಡೆ ಯಾರನ್ನೂ ಕೇಳಬೇಕಿಲ್ಲ. ಸರ್ಕಾರಿ ರಸ್ತೆ ಅಂಗಡಿಯವನ ಸ್ವಂತದ್ದಲ್ಲ ಅನ್ನುವುದು ನನಗೂ ಗೊತ್ತು. ಆದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಆ ಜಾಗ ಕಾಯುವವನು ಅವನು. ನಿಮ್ಮ ಗಾಡಿಗೆ ಯಾರಾದರೂ ಉಜ್ಜಿದರೆ ನಂಬರ್ ನೋಡಿಟ್ಟುಕೊಳ್ಳುವವನೂ ಅವನೇ.

ಫೋನ್ ನಂಬರನ್ನು ರಟ್ಟಿನ ಮೇಲೆ ದಪ್ಪಗೆ ಬರೆದು ಡ್ಯಾಶ್‌ಬೋರ್ಡ್ ಮೇಲೆ ಇಡಿ. ಕನ್ನಡದ ಜೊತೆ ಉರ್ದುವಿನಲ್ಲೂ ‘ಗಾಡಿ ಸರಿಸಬೇಕಾದರೆ ಫೋನ್ ಮಾಡಿ’ ಅಂತ ಬರೆಸಿಟ್ಟಿದ್ದೇನೆ, ಬಂದೇ ನವಾಜರ ದರ್ಗಾ ಕಡೆ ಹೋದಾಗ ಉಪಯೋಗಕ್ಕೆ ಬರುತ್ತದೆ. ಹೆಣ್ಣುಮಕ್ಕಳಿಗೆ ಒಂದು ಮಾತು: ಸ್ವಂತ ನಂಬರ್ ಬೇಡ, ಅಂಗಡಿಯ ನಂಬರೋ ಮನೆಯ ಇನ್ನೊಬ್ಬರದ್ದೋ ಇರಲಿ. ನಾನು ಆರ್ಡರ್ ತೆಗೆದುಕೊಳ್ಳುವ ನಂಬರ್ ಇಟ್ಟಿದ್ದೇನೆ. ಗಾಡಿ ಸರಿಸಿ ಅಂತ ಫೋನ್ ಮಾಡಿದವರು ರೊಟ್ಟಿ ತೆಗೆದುಕೊಂಡು ಹೋದದ್ದೂ ಉಂಟು.

ನಂಬರ್ ಇಟ್ಟ ಮೇಲೆ ಫೋನ್ ಎತ್ತಬೇಕು. ಅದನ್ನೂ ಹೇಳಬೇಕಾ ಅನ್ನಬೇಡಿ, ಹೇಳಬೇಕಾಗಿದೆ.

ರಾತ್ರಿ ಓಣಿಯಲ್ಲಿ

ಮನೆಯೊಳಗೆ ಜಾಗ ಇಲ್ಲದವರಿಗೆ ಇದೇ ದೊಡ್ಡ ತಾಪತ್ರಯ. ನಮ್ಮ ಓಣಿಯಲ್ಲಿ ಕಾರ್‌ಗಳು ಹೆಚ್ಚಾದಾಗ ಮೊದಲು ಮಾತು ಬಿಟ್ಟರು, ಆಮೇಲೆ ಕಲ್ಲು ಇಟ್ಟರು, ಆಮೇಲೆ ತುಳಸಿ ಕುಂಡ ಇಟ್ಟರು. ಕುಂಡ ಸರಿಸಲು ಯಾರಿಗೂ ಧೈರ್ಯ ಬರುವುದಿಲ್ಲ ನೋಡಿ. ಕೊನೆಗೆ ಒಂದು ಭಾನುವಾರ ಕಟ್ಟೆ ಮೇಲೆ ಕೂತು ಮಾತಾಡಿ ಮುಗಿಸಿದೆವು. ಈಗ ನಡೆಯುತ್ತಿರುವುದು ಹೀಗೆ.

ಎಲ್ಲ ಗಾಡಿಗಳೂ ಒಂದೇ ಬದಿಗೆ. ಮೂತಿ ಎಲ್ಲವೂ ರಸ್ತೆ ಕಡೆಗೆ. ಬೆಳಿಗ್ಗೆ ಮೊದಲು ಹೊರಡುವವರು ಓಣಿಯ ಬಾಯಿಗೆ, ತಡವಾಗಿ ಹೊರಡುವವರು ಒಳಗೆ. ಹಾಲಿನವರು, ಶಾಲೆ ವ್ಯಾನ್, ನನ್ನ ರೊಟ್ಟಿ ಗಾಡಿ ಮುಂದೆ. ಎದುರು ಮನೆಯ ಬ್ಯಾಂಕಿನವರ ಗಾಡಿ ನಮ್ಮ ಹಿಂದೆ, ಅವರಿಗೆ ಒಂಬತ್ತೂವರೆ. ರಾತ್ರಿ ಯಾರಾದರೂ ತಡವಾಗಿ ಬಂದು ಸಾಲು ತಪ್ಪಿದರೆ, ತನ್ನ ಗಾಡಿ ಯಾರಿಗೆ ಅಡ್ಡವಾಗಿದೆಯೋ ಅವರ ಮನೆಯಲ್ಲಿ ಒಂದು ಕೀ ಕೊಟ್ಟು ಮಲಗಬೇಕು. ಕೀ ಕೊಡಲು ಮನಸ್ಸಾಗದವರು ಬಹಳ ಇದ್ದಾರೆ, ನನಗೂ ಎಲ್ಲರಿಗೂ ಕೊಡಲು ಮನಸ್ಸಾಗುವುದಿಲ್ಲ. ಅಂಥವರು ಎದ್ದು ಬಂದು ಸರಿಸಬೇಕು, ಬೆಳಗಿನ ಐದಕ್ಕಾದರೂ ಸರಿ.

ಓಣಿ ಪೂರ್ತಿ ಸಪಾಟಾಗಿದ್ದರೆ ಇನ್ನೊಂದು ಉಪಾಯವಿದೆ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಚಕ್ರಕ್ಕೆ ಹಿಂದೆ ಮುಂದೆ ಎರಡು ಕಲ್ಲು ಕೊಡುವುದು. ಬೇಕಾದವರು ಕಲ್ಲು ತೆಗೆದು ನಾಲ್ಕಡಿ ತಳ್ಳಿಕೊಳ್ಳುತ್ತಾರೆ. ಇದಕ್ಕೆ ಸ್ಟೀರಿಂಗ್ ನೇರವಾಗಿರಬೇಕು. ಕೀ ತೆಗೆದ ಮೇಲೆ ಸ್ಟೀರಿಂಗ್ ಲಾಕ್ ಆಗುತ್ತದೆ, ಚಕ್ರ ಸೊಟ್ಟಗಿದ್ದರೆ ತಳ್ಳಿದಾಗ ಗಾಡಿ ಸೀದಾ ಪಕ್ಕದವರ ಕಟ್ಟೆಗೆ ಹೋಗುತ್ತದೆ. ಸ್ವಲ್ಪವೇ ಇಳಿಜಾರಿದ್ದರೂ ಈ ಉಪಾಯ ಬೇಡವೇ ಬೇಡ. ಮಕ್ಕಳು ಆಡುವ ಓಣಿಯಲ್ಲಿ ಹಗಲು ಹೊತ್ತಿಗೂ ಬೇಡ. ಕಲ್ಲು ಮಕ್ಕಳ ಆಟದ ಸಾಮಾನು. ಆಟೊಮ್ಯಾಟಿಕ್ ಗಾಡಿಯವರು ತಮ್ಮದು ಹೀಗೆ ಬಿಡಲು ಬರುತ್ತದಾ ಅಂತ ಮೊದಲು ತಿಳಿದುಕೊಳ್ಳಿ.

ಕನ್ನಡಿ ಮಡಚುವುದನ್ನು ಮರೆಯಬೇಡಿ. ಮಡಚಿದ ಎರಡು ಕನ್ನಡಿ ಉಳಿಸುವ ಜಾಗದಲ್ಲಿ ಒಂದು ಸೈಕಲ್ಲಿನ ಹ್ಯಾಂಡಲ್ ಹಾದು ಹೋಗುತ್ತದೆ.

ಬಿಸಿಲಿಗೆ ನೆರಳು ಓಡುತ್ತದೆ

ಏಪ್ರಿಲ್, ಮೇ ತಿಂಗಳಿನಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ. ಬೇವಿನ ಮರದ ಕೆಳಗೆ ಒಂದು ಕಾರಿನ ಜಾಗಕ್ಕೆ ನಾಲ್ವರು ಕಾಯುತ್ತಿರುತ್ತಾರೆ. ಬೆಳಿಗ್ಗೆ ಬಂದು ಸಂಜೆವರೆಗೆ ನಿಲ್ಲಿಸುವವರು ಈಗಿನ ನೆರಳು ನೋಡಬೇಡಿ, ಮೂರು ಗಂಟೆಯ ನೆರಳು ನೋಡಿ. ಬೆಳಿಗ್ಗೆ ನೆರಳು ಪಡುವಣಕ್ಕೆ ಬೀಳುತ್ತದೆ, ಮಧ್ಯಾಹ್ನದ ಮೇಲೆ ಮೂಡಣಕ್ಕೆ. ಹಾಗಾಗಿ ಮರ ಅಥವಾ ಕಟ್ಟಡದ ಮೂಡಣ ಬದಿಗೆ ಬಿಸಿಲಿನಲ್ಲೇ ನಿಲ್ಲಿಸಿ ಹೋಗಿ. ಬೇರೆಯವರು ಆ ಜಾಗಕ್ಕೆ ಬರುವುದೇ ಇಲ್ಲ, ಸುಡುವ ಹೊತ್ತಿಗೆ ನೆರಳು ನಿಮ್ಮ ಗಾಡಿಯನ್ನು ಹುಡುಕಿಕೊಂಡು ಬರುತ್ತದೆ. ಮೇ ಮೊದಲರ್ಧದಲ್ಲಿ ನಡು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೇ ಇರುತ್ತಾನೆ. ಆಗ ಕಟ್ಟಡಕ್ಕೆ ನೆರಳೇ ಇರುವುದಿಲ್ಲ, ಮರ ಇಲ್ಲವೇ ತಗಡಿನ ಚಪ್ಪರವೇ ಗತಿ.

ಎರಡೂ ಸಿಗದಿದ್ದರೆ ಮೂತಿ ಮೂಡಣಕ್ಕೆ ಮಾಡಿ. ಇಳಿಬಿಸಿಲು ಮುಂದಿನ ಗಾಜಿಗೆ ಹೊಡೆಯದಿದ್ದರೆ ಸ್ಟೀರಿಂಗ್ ಹಿಡಿಯುವ ಹಾಗಾದರೂ ಇರುತ್ತದೆ. ಸೆಂಟ್ ಡಬ್ಬಿ, ಲೈಟರ್, ಸ್ಯಾನಿಟೈಸರ್ ಒಳಗೆ ಬಿಡಬೇಡಿ. ಎಸಿ ಆನ್ ಇದೆ ಅಂತ ಮಗುವನ್ನು, ಮುದುಕರನ್ನು ಒಳಗೆ ಕೂರಿಸಿ ಹೋಗುವುದಂತೂ ಬೇಡವೇ ಬೇಡ. ಎಂಜಿನ್ ಯಾವಾಗ ನಿಂತೀತು ಹೇಳಲು ಬರುವುದಿಲ್ಲ.

ಬೇವಿನ ಹಣ್ಣು ಉದುರುವ ಕಾಲದಲ್ಲಿ ಗಾಡಿ ಅಂಟಂಟಾಗುತ್ತದೆ. ಅದನ್ನು ಒಣ ಬಟ್ಟೆಯಿಂದ ಉಜ್ಜಿದರೆ ಬಣ್ಣಕ್ಕೆ ಗೀರು ಬೀಳುತ್ತದೆ, ನೀರು ಹಾಕಿ ನೆನೆಸಿ ತೆಗೆಯಿರಿ.

ಜಾತ್ರೆ, ಉರುಸ್, ಕರಿ ಮಣ್ಣು

ಹೋಳಿ ಆದ ಐದನೇ ದಿನ ಶರಣಬಸವೇಶ್ವರರ ತೇರು. ಆ ಸಂಜೆ ಗುಡಿಯ ಸುತ್ತಮುತ್ತ, ಅಪ್ಪನ ಕೆರೆಯ ಕಡೆ ಕಾರ್ ತರುವ ಆಸೆ ಬಿಡಿ. ಶ್ರಾವಣ ಸೋಮವಾರಗಳೂ ಹಾಗೇ. ಬಂದೇ ನವಾಜರ ಉರುಸಿನಲ್ಲಿ ಸಂದಲ್ (ಗಂಧ) ಮೆರವಣಿಗೆ ಹೋಗುವ ದಾರಿಯಲ್ಲಿ ಬೆಳಿಗ್ಗೆ ನಿಲ್ಲಿಸಿದ ಗಾಡಿ ರಾತ್ರಿವರೆಗೂ ಅಲ್ಲೇ. ಇಂಥ ದಿನ ನೀವು ಊರಿನ ಯಾವ ದಿಕ್ಕಿನಿಂದ ಬಂದಿರೋ ಆ ದಿಕ್ಕಿನ ಅಂಚಿನಲ್ಲೇ ನಿಲ್ಲಿಸಿ. ಆಳಂದ ಕಡೆಯಿಂದ ಬಂದವರು ಊರು ದಾಟಿ ಸೇಡಂ ರೋಡಿನಲ್ಲಿ ನಿಲ್ಲಿಸಿದರೆ ವಾಪಸ್ ಹೋಗುವಾಗ ಅದೇ ಜನಸಾಗರವನ್ನು ಎರಡನೇ ಸಲ ದಾಟಬೇಕು.

ಮಳೆಗಾಲದಲ್ಲಿ ಖಾಲಿ ಪ್ಲಾಟ್‌ಗಳು ಮೋಸ ಮಾಡುತ್ತವೆ. ಮೇಲೆ ಹುಲ್ಲು, ಕೆಳಗೆ ಎರೆ ಮಣ್ಣು. ಒಣಗಿದ್ದಾಗ ಕಲ್ಲಿನಂತೆ ಇರುವ ಅದೇ ಮಣ್ಣು ಒಂದು ಮಳೆಗೆ ಬೆಣ್ಣೆ. ಮದುವೆ ಮನೆಯವರು ‘ಅಲ್ಲಿ ಬಯಲಿದೆ, ನಿಲ್ಲಿಸಿ’ ಅನ್ನುತ್ತಾರೆ. ಮುರುಮ್ (ಗರಸು ಮಣ್ಣು) ಹಾಕಿದ್ದಾರಾ ಅಂತ ಕೇಳಿ. ಹಾಕಿಲ್ಲದಿದ್ದರೆ ರಸ್ತೆ ಅಂಚಿನಲ್ಲೇ ಉಳಿಯಿರಿ. ಚಕ್ರ ಹೂತರೆ ಆ್ಯಕ್ಸಿಲರೇಟರ್ ಒತ್ತಬೇಡಿ, ಒತ್ತಿದಷ್ಟೂ ಇಳಿಯುತ್ತದೆ. ಮುಂದಿನ ಚಕ್ರದ ಕೆಳಗೆ ಗೋಣಿಚೀಲವೋ ಕಾರಿನ ಮ್ಯಾಟೋ ಹಾಕಿ, ಎರಡನೇ ಗೇರಿನಲ್ಲಿ ಮೆಲ್ಲಗೆ ತೆಗೆಯಿರಿ. ಟೈರಿಗೆ ಮೆತ್ತಿದ ಮಣ್ಣನ್ನು ಕೋಲಿನಿಂದ ಕೆರೆದ ಮೇಲೆಯೇ ಡಾಂಬರಿಗೆ ಹತ್ತಿ, ಇಲ್ಲದಿದ್ದರೆ ಬ್ರೇಕ್ ಹಾಕಿದ ಕಡೆ ಜಾರುತ್ತದೆ.

ಎಲ್ಲರೂ ಹೊಲಕ್ಕೆ ಹೋಗಿ ಪೂಜೆ ಮಾಡಿ ಉಣ್ಣುವ ಎಳ್ಳಮಾವಾಸ್ಯೆಗೆ ಮಾತ್ರ ಎಲ್ಲ ತಿರುವುಮುರುವು. ಊರು ಖಾಲಿ, ಸೂಪರ್ ಮಾರ್ಕೆಟ್ ಮುಂದೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಕಾರ್‌ಗಳೆಲ್ಲ ಹೊಲದ ದಾರಿಯಲ್ಲಿ ಸಾಲಾಗಿರುತ್ತವೆ. ಆ ದಾರಿ ಚಕ್ಕಡಿಯ ಅಗಲಕ್ಕಿರುತ್ತದೆ. ಬದುವಿನ ಮೇಲೆ ಚಕ್ರ ಏರಿಸಬೇಡಿ, ನಿಂತ ಜೋಳಕ್ಕೆ ಬಂಪರ್ ತಾಗಿಸಬೇಡಿ. ಹೋದ ಕೂಡಲೇ, ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲುವ ಮುಂಚೆಯೇ, ಗಾಡಿಯನ್ನು ತಿರುಗಿಸಿ ಮೂತಿ ಊರ ಕಡೆ ಮಾಡಿಟ್ಟುಬಿಡಿ. ಭಜ್ಜಿ ಪಲ್ಯ ಉಂಡ ಮೇಲೆ ತಿರುಗಿಸಲು ಯಾರಿಗೂ ಮೈ ಬಗ್ಗುವುದಿಲ್ಲ, ಸಂಜೆ ಎಲ್ಲರೂ ಒಂದೇ ಹೊತ್ತಿಗೆ ಹೊರಡುತ್ತಾರೆ. ಅವತ್ತಿಗೆ ಸಜ್ಜೆ ರೊಟ್ಟಿ ಬೇಕಾದವರು ಒಂದು ವಾರ ಮುಂಚೆಯೇ ಹೇಳಿ. ಹಿಂದಿನ ದಿನ ಫೋನ್ ಮಾಡಿದರೆ ನಾನು ಎತ್ತುವುದಿಲ್ಲ. ಗಾಡಿ ಸರಿಸಬೇಕಾದರೆ ಮಾತ್ರ ಎತ್ತುತ್ತೇನೆ.